ಸೋಮವಾರವೇ ಹೊರಟ ಚೀಲ

ಅಡುಗೆಮನೆಯಿಂದ ಪುಳಿಯೋಗರೆ ಗೊಜ್ಜಿನ ವಾಸನೆ. ಅಣ್ಣನ ಮಗಳು ಮೈಸೂರು, ಹಂಪಿ, ವಿಜಯಪುರ ಸುತ್ತಿಬರಲು ಟಿಕೆಟ್ ಮಾಡಿಸಿದ್ದಾಳೆ. ಹೊರಡುವುದು ನಾಳೆ, ಮಂಗಳವಾರ. ಅಣ್ಣ ಮುಖ ಊದಿಸಿಕೊಂಡು ಕೂತಿದ್ದಾನೆ.

ನಮ್ಮ ಸಿಂಗಸಂದ್ರದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದಾಗಲೂ ಇದೇ ವಾಸನೆ, ಇದೇ ವಾರ. ಶಾಲೆಯಿಂದ ಮೈಸೂರು ಅರಮನೆ, ಬೇಲೂರು, ಹಳೇಬೀಡು ಪ್ರವಾಸ. "ಮಂಗ್ಳವಾರ ಊರು ಬಿಡಂಗಿಲ್ಲ" ಅಂದುಬಿಟ್ಟ ಅಪ್ಪ. ನಾನು ಕಂಬ ತಬ್ಬಿಕೊಂಡು ಅತ್ತೆ. ಅಜ್ಜಿ ಎಲೆಅಡಿಕೆ ಉಗಿದು ಬಂದವಳೇ ನನ್ನ ಚೀಲವನ್ನು ಸೋಮವಾರ ಸಂಜೆಯೇ ಪಕ್ಕದ ಮನೆಯಲ್ಲಿಟ್ಟಳು.

"ಪಯಣ ಇವತ್ತೇ ಸುರುವಾಯ್ತು ಕಣ್ಲಾ. ನಾಳೆ ಉಡುಗ ಚೀಲದ ಇಂದೆ ಓಗ್ತಾನೆ, ಅಷ್ಟೆ."

ಅಪ್ಪ ತಲೆಯಾಡಿಸಿದ. ನನಗೆ ಹೋದ ಜೀವ ಬಂತು. ಅರಮನೆಯ ಮುಂದೆ ನಿಂತು, "ನೀವೆಲ್ಲ ಇವತ್ತು ಒಂಟೋರು, ನಾನು ನಿನ್ನೇನೇ ಒಂಟೋನು" ಎಂದು ಇಡೀ ತರಗತಿಯೆದುರು ಕೊಚ್ಚಿಕೊಂಡೆ. ಪ್ರವಾಸದ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಬೀದಿಯಲ್ಲಿ ಇಂದಿಗೂ ಇಲ್ಲ.

ಈಗಷ್ಟೇ ಅಣ್ಣನ ಮಗಳ ಸೂಟ್‌ಕೇಸನ್ನು ಮಹಡಿಯ ಬಾಡಿಗೆಯವರ ಮನೆಯಲ್ಲಿಟ್ಟು ಬಂದೆ.

"ಮಹಡೀನೂ ನಮ್ದೇ ಅಲ್ವೇನೋ?" ಅಂದ ಅಣ್ಣ.

"ಬೀಗ ಅವರ್ದು ಕಣಣ್ಣಾ. ಬೀಗ ಯಾರ್ದೋ, ಮನೇನೂ ಅವರ್ದೇ."

ಅಣ್ಣ ಅಡುಗೆಮನೆಯ ಕಡೆ ತಿರುಗಿದ. ಅತ್ತಿಗೆಗೆ ಕೂಗಿ ಹೇಳಿದ: "ಮಗೀಗೆ ಗೊಜ್ಜು ಜಾಸ್ತೀನೇ ಕಟ್ಟೇ!"