ಪ್ಲಗ್ಗಿಗೆ ಹಚ್ಚಿದ ಅರಿಶಿನ

ಇವತ್ತು ಬೆಳಿಗ್ಗೆ ಮೊಮ್ಮಗನ ಹೆಂಡತಿ ವೈಶಾಲಿ ನನ್ನ ಅಂಗೈ ಮೇಲೆ ಒಂದು ವಸ್ತು ಇಟ್ಟು, "ಆಜಿ, ಬಘಾ ನಾ, ಎಷ್ಟ ಚಕಚಕ ಆಗೇತಿ!" ಎಂದಳು. ನೋಡಿದೆ. ನನ್ನ ಕುಂಕುಮದ ಪೆಟ್ಟಿಗೆಯಲ್ಲಿ ಐವತ್ತು ವರ್ಷದಿಂದ ಬಟ್ಟೆ ಸುತ್ತಿಕೊಂಡು ಮಲಗಿದ್ದ ಹಳೆಯ ಮೋಟಾರಿನ ಸ್ಪಾರ್ಕ್ ಪ್ಲಗ್ಗು. ಬೆರಳುದ್ದದ್ದು, ಕೆಳಗೆ ಕಬ್ಬಿಣದ ತಿರುಪು, ಮೇಲೆ ಪಿಂಗಾಣಿಯ ಬಿಳಿ ಕುತ್ತಿಗೆ. ಬಿಳಿ ಎಂದೆನಲ್ಲ, ಅದು ಬಿಳಿಯಾದದ್ದು ಇವತ್ತು. ನಿನ್ನೆಯವರೆಗೆ ಹಳದಿ ಇತ್ತು. ಹುಡುಗಿ ಹಬ್ಬದ ಪಾತ್ರೆಗಳ ಜೊತೆ ಅದನ್ನೂ ನಿಂಬೆಹಣ್ಣು ಹಚ್ಚಿ ಗಸಗಸ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿ ತಂದಿದ್ದಾಳೆ.

ನನ್ನ ಬಾಯಿ ಎಂಥದೆಂದು ಈ ಓಣಿಗೆಲ್ಲ ಗೊತ್ತು. ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹೇಗೋ ನುಂಗಿಕೊಂಡು, "ಇರಲಿ, ಆಮ್ಯಾಲೆ ನೋಡತೇನಿ, ಹೋಗು" ಎಂದೆ. ಹೋದಳು. ಹೋದವಳು ಅಡಿಗೆಮನೆಗೇನೂ ಹೋಗಲಿಲ್ಲ. ಬಾಗಿಲ ಆಚೆ ಬಳೆಯ ಸದ್ದು ನಿಂತಲ್ಲೇ ನಿಂತಿತ್ತು. ಮರಾಠಿ ಮನೆತನದ ಹುಡುಗಿ, ಈ ಮನೆಗೆ ಬಂದು ನಾಲ್ಕು ತಿಂಗಳಾಯಿತು. ಕನ್ನಡ ತಿಳಿಯುತ್ತದೆ, ಆಡಲು ಅಂಜುತ್ತಾಳೆ. ನನಗಂತೂ ಇನ್ನೂ ಹೆಚ್ಚು ಅಂಜುತ್ತಾಳೆ.

ಪ್ಲಗ್ಗನ್ನು ಮೂಗಿಗೆ ಹಿಡಿದು ನೋಡಿದೆ. ಬರೀ ನಿಂಬೆಹಣ್ಣು. ಹಾಗೆಯೇ ಹಿಡಿದುಕೊಂಡು ಕೂತಿದ್ದಾಗ ಆ ವಾಸನೆ ಮೆಲ್ಲಗೆ ಸರಿದು, ಅದರ ಹಿಂದಿನಿಂದ ಹಳೆಯ ಅರಿಶಿನದ್ದು ಬಂತು. ನಿಜವಾಗಿಯೂ ಬಂತೋ, ನಾನೇ ತಂದುಕೊಂಡೆನೋ ಹೇಳಲಾರೆ. ನನ್ನ ವಯಸ್ಸಿಗೆ ಎರಡೂ ಒಂದೇ.

ನಾನು ಸಾಂಗಲಿಗೆ ಸೊಸೆಯಾಗಿ ಬಂದಾಗ ಇನ್ನೂ ರಾಜರ ಕಾಲ. ಸಾಂಗಲಿ ಒಂದು ಸಂಸ್ಥಾನ, ಮಿರಜಿ ಬೇರೆ ಸಂಸ್ಥಾನ. ನಡುವೆ ನಾಲ್ಕಾರು ಮೈಲು ದಾರಿ, ಒಂದು ಸುಂಕದ ನಾಕೆ, ನಾಕೆಯಲ್ಲಿ ಪೇಟ ಸುತ್ತಿದ ಒಬ್ಬ ಮನುಷ್ಯ. ನನ್ನ ತವರು ಮಿರಜಿಯ ಆಚೆ ಖಂಡೇರಾಜುರಿಯಲ್ಲಿ. ಅಂದರೆ ಅವ್ವನನ್ನು ನೋಡಬೇಕೆಂದರೆ ನಾನು ಪರರಾಜ್ಯಕ್ಕೆ ಹೋಗಬೇಕಿತ್ತು! ನಗಬೇಡಿ, ಹದಿನೇಳರ ಹುಡುಗಿಗೆ ಆ ದೂರ ದೊಡ್ಡದೇ.

ಮಾವನದು ಅರಿಶಿನದ ವ್ಯಾಪಾರ. ಮನೆಯ ಹಿಂದೆಯೇ ದಾಸ್ತಾನಿನ ವಖಾರ. ಗೋಡೆ, ತೊಲೆ, ಬೆಕ್ಕು ಎಲ್ಲ ಹಳದಿ. ಆ ವಖಾರದ ಒಂದು ಮೂಲೆಯಲ್ಲಿ ಮಾವನ ಮೋಟಾರು ನಿಂತಿತ್ತು. ಬಟ್ಟೆಯ ಮುಚ್ಚಿಗೆಯದು, ಹಳೆಯದು, ಸಂಸ್ಥಾನದ ಯಾರೋ ಅಧಿಕಾರಿಯಿಂದ ಕೊಂಡದ್ದು. ಮಾವ ಮನುಷ್ಯರ ಜೊತೆ ಮಾತಾಡುವುದು ಕಡಿಮೆ, ಮೋಟಾರಿನ ಜೊತೆ ಹೆಚ್ಚು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅದರ ಬಾನೆಟ್ ಎತ್ತಿ ಅತ್ತೆಗೆ ತೋರಿಸುತ್ತ, "ಇದರ ಜೀವ ಈ ನಾಕರಾಗ ಐತಿ ನೋಡು" ಎಂದದ್ದನ್ನು ನಾನು ಬಾಗಿಲ ಸಂದಿಯಿಂದ ಕೇಳಿದ್ದೆ. ನಾಲ್ಕೆಂದರೆ ಎಂಜಿನ್ನಿನ ತಲೆಯ ಮೇಲೆ ಸಾಲಾಗಿ ನಿಂತಿದ್ದ ಈ ನಾಲ್ಕು ಪ್ಲಗ್ಗುಗಳು.

ಕೆಲವೇ ದಿನಗಳಲ್ಲಿ ಎರಡನೆಯ ಮಹಾಯುದ್ಧದ ಬಿಸಿ ನಮಗೂ ತಟ್ಟಿತು. ಪೆಟ್ರೋಲಿಗೆ ಕೂಪನ್ನು ಬಂತು. ಮಾವ ಮೋಟಾರನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ಮೇಲೊಂದು ಜಮಖಾನೆ ಹೊದಿಸಿ, ಮೂರು ವರ್ಷ ಅದರ ಕಡೆ ನೋಡಲಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ ಎನ್ನುತ್ತಿದ್ದರಂತೆ. 'ಅಂತೆ' ಯಾಕೆಂದರೆ ನನಗೆ ಅವರು ನೇರ ಏನೂ ಹೇಳಿದವರಲ್ಲ, ನಾನೂ ಹೇಳಿದವಳಲ್ಲ. ಆಗಿನ ರೀತಿ ಹಾಗೆ. ಮಾವ ಮೂರು ಮಾರು ದೂರದಲ್ಲಿ ಕೂತಿದ್ದರೂ ನಾನು ಕಂಬದ ಮರೆಯಿಂದ, "ಅತ್ತಿ, ಊಟಕ್ಕ ಏಳಬೇಕಂತ ಹೇಳ್ರಿ" ಎನ್ನಬೇಕು. ಅತ್ತೆ, "ಊಟಕ್ಕ ಏಳ್ರಿ" ಎನ್ನಬೇಕು. ಆಗ ಮಾವ ಏಳಬೇಕು. ನನ್ನ ಮಾತು ಅವರಿಗೆ ಮೊದಲೇ ಕೇಳಿಸಿರುತ್ತಿತ್ತು, ಆದರೂ ಅತ್ತೆಯ ದಾರಿಯಿಂದ ಬರುವವರೆಗೆ ಕಾಯುತ್ತಿದ್ದರು.

ಆ ವರ್ಷಗಳಲ್ಲೇ ಅವ್ವನ ಕಣ್ಣಿಗೆ ಪೊರೆ ಬಂತು. ಮೊದಲು ಸೂಜಿಗೆ ದಾರ ಪೋಣಿಸಲಾಗಲಿಲ್ಲ, ಆಮೇಲೆ ಜೋಳದಲ್ಲಿಯ ಹರಳು ಕಾಣಲಿಲ್ಲ, ಆಮೇಲೆ ನಾನು ತವರಿಗೆ ಹೋದಾಗ ನನ್ನ ಮುಖವನ್ನು ಕೈಯಿಂದ ಸವರಿ ಗುರುತು ಹಿಡಿದಳು. ಮಿರಜಿಯ ದೊಡ್ಡ ದವಾಖಾನೆಯಲ್ಲಿ ಪೊರೆ ತೆಗೆಯುತ್ತಿದ್ದರು. ಅವ್ವ ಒಪ್ಪಲಿಲ್ಲ. ಅವಳ ಊರಿನ ಮುದುಕಿಯೊಬ್ಬಳು ಕಣ್ಣು ಮಾಡಿಸಿಕೊಂಡು ಎತ್ತಿನ ಗಾಡಿಯಲ್ಲಿ ಮರಳುವಾಗ, ದಾರಿಯ ಕುಲುಕಾಟಕ್ಕೆ ಬಂದ ಕಣ್ಣು ಹೋಗಿತ್ತು. "ಗಾಡ್ಯಾಗ ಬರೂದಿಲ್ಲ. ಇದ್ದಷ್ಟ ಮಬ್ಬ ಬೆಳಕ ಸಾಕು" ಎಂದು ಕೂತುಬಿಟ್ಟಳು.

ನಾನೇನು ಮಾಡಲಿ? ಮೋಟಾರಿಗೆ ಹರಕೆ ಹೊತ್ತೆ. ನಿಮಗೆ ನಗು ಬಂದರೆ ಈಗ ನಗಬಹುದು. ಖಂಡೇನವಮಿಯ ಆಯುಧಪೂಜೆಗೆ ಮೋಟಾರಿಗೆ ಅರಿಶಿನ-ಕುಂಕುಮ ಹಚ್ಚಿ ಬಾ ಎಂದು ಅತ್ತೆ ಕಳಿಸಿದ್ದರು. ಗಾಲಿಗೆ ಹಚ್ಚಿದೆ, ದೀಪಕ್ಕೆ ಹಚ್ಚಿದೆ. ಆಮೇಲೆ ಮಾವನ ಮಾತು ನೆನಪಾಗಿ ಬಾನೆಟ್ ಎತ್ತಿ, ಆ ನಾಲ್ಕು ಜೀವಗಳ ಬುಡಕ್ಕೂ ಹಚ್ಚಿ, 'ನಮ್ಮವ್ವನ್ನ ಒಮ್ಮೆ ಮಿರಜಿಗೆ ಒಯ್ದು ತಾ' ಎಂದು ಕೈಮುಗಿದೆ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಪ್ರತಿ ಸೋಮವಾರ ಹೊಸ್ತಿಲ ಪೂಜೆ ಮುಗಿಸಿ ಹಿತ್ತಿಲ ಬಾಗಿಲಿನಿಂದ ವಖಾರಕ್ಕೆ ಹೋಗುತ್ತಿದ್ದೆ. ಅರಿಶಿನವನ್ನು ಕುಸುಬೆ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದೆ, ಉದುರಬಾರದಲ್ಲ! ಹೆಂಚಿನ ಸಂದಿಯಿಂದ ಬಿಸಿಲು ಬೀಳುತ್ತಿತ್ತು, ಅದರಲ್ಲಿ ಹಳದಿ ಧೂಳು ತೇಲುತ್ತಿತ್ತು. ಇಡೀ ವಾರದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅಲ್ಲಿ ಮಾತ್ರ. ಮೋಟಾರು ಸುಮ್ಮನೆ ಕೇಳುತ್ತಿತ್ತು.

ಯುದ್ಧ ಮುಗಿಯಿತು. ಅವ್ವನ ಹಟ ಅತ್ತೆಯಿಂದ ಮಾವನ ಕಿವಿಗೆ ಬಿತ್ತು. "ಬೀಗತೇರನ್ನ ಮೋಟಾರದಾಗ ಕರಕೊಂಡ ಬರತೇನಿ, ಮೋಟಾರದಾಗ ತಿರುಗಿ ಬಿಡತೇನಿ" ಎಂದು ಮಾವ ಖಂಡೇರಾಜುರಿಗೆ ಮಾತು ಕೊಟ್ಟು ಕಳಿಸಿದರು. ಅವ್ವ ಒಪ್ಪಿದಳು. ದವಾಖಾನೆಯವರು ಬರುವ ವಾರದ ದಿನ ಕೊಟ್ಟರು. ಇನ್ನೂ ತಡಮಾಡಿದರೆ ಕಣ್ಣು ಉಳಿಯುವುದಿಲ್ಲವೆಂದೂ ಹೇಳಿದರು.

ಮಾವ ಜಮಖಾನೆ ತೆಗೆದು, ಕೂಪನ್ನಿನ ಪೆಟ್ರೋಲು ಹಾಕಿ, ಹಳೆಯ ಪ್ಲಗ್ಗು ತೆಗೆದು ಹೊಸವನ್ನು ಹಾಕೋಣವೆಂದು ತಿರುಪು ಬಿಚ್ಚುವ ಪಾನಾ ಹಚ್ಚಿದರು. ನಾಲ್ಕರಲ್ಲಿ ಒಂದೂ ಅಲುಗಲಿಲ್ಲ. ಮರುದಿನ ಮಿಸ್ತ್ರಿಯನ್ನು ಕರೆಸಿದರು. ಅವನು ಬಗ್ಗಿ ನೋಡಿ, "ಸಾವಕಾರ, ಜಂಗ ಹಿಡದೈತಿ. ಮ್ಯಾಲೆ ನಿಮ್ಮ ವಖಾರದ ಧೂಳ ಕುಂತೈತಿ. ನಾಳೆ ಛಿನ್ನಿ-ಸುತ್ತಿಗಿ ತರತೇನಿ. ಎರಡ ಏಟ ಹಾಕಿದ್ರ ಬಂದ್ರ ಬಂದೂವು, ಮುರದ್ರ ಮುರದೂವು" ಎಂದ. ಮುರಿದರೆ ಎಂಜಿನ್ನಿನ ತಲೆಯನ್ನೇ ಬಿಚ್ಚಿ ಪುಣೆಗೆ ಒಯ್ಯಬೇಕು, ತಿಂಗಳುಗಟ್ಟಲೆ ಕೆಲಸ.

ಅದು ತುಕ್ಕೂ ಅಲ್ಲ, ವಖಾರದ ಧೂಳೂ ಅಲ್ಲ ಎಂದು ಆ ಮನೆಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಕುಸುಬೆ ಎಣ್ಣೆ ಚೆಲ್ಲಿ ಒಣಗಿದರೆ ಏನಾಗುತ್ತದೆ ಎಂದು ಅಡಿಗೆ ಮಾಡುವ ಹೆಂಗಸಿಗೆ ಹೇಳಿಕೊಡಬೇಕೇ? ಡಬ್ಬಿಯ ಮುಚ್ಚಳವೇ ಅಂಟಿ ಕೂರುತ್ತದೆ. ಆಗ ಬಡಿಯುವುದಿಲ್ಲ, ಬಿಸಿನೀರಲ್ಲಿ ಇಡುತ್ತೇವೆ. ಇದನ್ನು ಹೇಳಬೇಕು, ನಾಳೆಯೊಳಗೆ ಹೇಳಬೇಕು. ಅತ್ತೆ ನೋಡಿದರೆ ಆವತ್ತೇ ಗುಡಿಗೆ ಹೋಗಿದ್ದರು. ಗಂಡ ಹರಿಪುರದಲ್ಲಿ ಅರಿಶಿನ ಹೂತಿಡುವ ಹಗೇವಿನ ಕಡೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಬಂದರೂ ಅಪ್ಪನೆದುರು ಅವರ ನಾಲಿಗೆ ನನ್ನದಕ್ಕಿಂತ ಗಿಡ್ಡ.

ಮಾವ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ವಖಾರದ ಕಂಬ ಹಿಡಿದುಕೊಂಡು, ಸೆರಗು ಮೂಗಿನವರೆಗೆ ಎಳೆದುಕೊಂಡು, "ಮಾವಾರ..." ಎಂದೆ. ಅವರು ಹಿಂದೆ ಮುಂದೆ ನೋಡಿದರು, ಅತ್ತೆ ಎಲ್ಲಿ ಎಂದು.

"ಬಡೀಬ್ಯಾಡ್ರಿ. ಅದು ಜಂಗ ಅಲ್ಲರಿ. ಕುಸುಬಿ ಎಣ್ಣಿ, ಅರಿಶಿಣ. ನಾನ ಹಚ್ಚೇನ್ರಿ, ಮೂರ ವರ್ಸ."

ಬೆಕ್ಕೊಂದು ಚೀಲದಿಂದ ಚೀಲಕ್ಕೆ ಜಿಗಿಯಿತು. ಮಾವ ಪ್ಲಗ್ಗುಗಳ ಕಡೆ ಬಗ್ಗಿ ಉಗುರಿನಿಂದ ಕೆರೆದು, ಮೂಸಿ ನೋಡಿದರು. ಕಡೆಗೆ ಕೇಳಿದರು:

"ನಾಕಕ್ಕೂ ಹಚ್ಚೀದಿಯೋ, ಒಂದಕ್ಕ ಬಿಟ್ಟೀದಿಯೋ?"

"ನಾಕಕ್ಕೂ ಹಚ್ಚೇನ್ರಿ."

"ಚಲೋ ಮಾಡೀದಿ. ಈಗ ಹೋಗಿ ನೀರ ಕಾಸು, ಯವ್ವಾ."

ನೀರು ಕಾಸಿದೆ! ಬಾಣಂತಿಗೂ ಅಷ್ಟು ನೀರು ಕಾಯಿಸಿರಲಿಕ್ಕಿಲ್ಲ. ಮೊದಲು ನನ್ನ ಕೂದಲ ಪಿನ್ನಿನಿಂದ ಮಾವ ಪ್ಲಗ್ಗಿನ ಸುತ್ತಲಿನ ಅಂಟನ್ನು ಕೆರೆದರು, ನಾನು ಒಲೆಯ ಊದುಗೊಳವಿಯಿಂದ ಊದಿದೆ, ಹಳದಿ ಪುಡಿಯೆಲ್ಲ ನನ್ನ ಮುಖಕ್ಕೇ ಬಂತು. ಬುಡಕ್ಕೆ ಹನಿಹನಿ ಚಿಮಣಿ ಎಣ್ಣೆ ಬಿಟ್ಟು ಕಾದೆವು. ಮರುದಿನ ಬೆಳಿಗ್ಗೆ ಬಚ್ಚಲ ಹಂಡೆಯ ಕುದಿನೀರನ್ನು ರೇಡಿಯೇಟರಿಗೆ ಸುರಿದು, ಆರಿದ ಮೇಲೆ ಹೊರಬಿಟ್ಟು, ಮತ್ತೆ ಸುರಿದೆವು. ಮೂರನೆಯ ಸಲಕ್ಕೆ ಕಬ್ಬಿಣ ಮೈಬಿಸಿಯಾಗಿ, ಬೇಯುವ ಅರಿಶಿನದ ವಾಸನೆ ವಖಾರದ ತುಂಬ ಎದ್ದಿತು. ಛಿನ್ನಿ ಹಿಡಿದು ಬಂದ ಮಿಸ್ತ್ರಿ ಬಾಗಿಲಲ್ಲೇ ನಿಂತು ಮೂಗೇರಿಸಿದ. ಮಾವ ಪಾನಾ ಹಚ್ಚಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದರು, ಆಮೇಲೆ ಸಡಿಲು, ಮತ್ತೆ ಬಿಗಿ, ಮತ್ತೆ ಸಡಿಲು. ಕಿರ್ ಎಂದು ಒಂದು ಬಂತು. ಇನ್ನೊಂದು. ಮತ್ತೊಂದು. ನಾಲ್ಕನೆಯದಕ್ಕೆ ಪಾನಾವನ್ನು ನನ್ನ ಕಡೆ ಚಾಚಿ, "ಹಚ್ಚಿದ ಕೈ ನಿಂದು, ನೀನ ತಗಿ" ಎಂದರು. ತೆಗೆದೆ. ಆ ಬಿಸಿ ಈಗಲೂ ನನ್ನ ಅಂಗೈಯಲ್ಲಿ ಇದೆ. ಆ ಪ್ಲಗ್ಗನ್ನೇ ಬಟ್ಟೆಯಲ್ಲಿ ಸುತ್ತಿ ಕುಂಕುಮದ ಪೆಟ್ಟಿಗೆಯಲ್ಲಿಟ್ಟುಕೊಂಡೆ.

ಅವ್ವ ಮೋಟಾರಿನಲ್ಲಿ ಮಿರಜಿಗೆ ಬಂದಳು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮೋಟಾರಿನಲ್ಲೇ ಮರಳಿದಳು. ಒಂದು ಕುಲುಕೂ ಬೀಳಬಾರದೆಂದು ಮಾವ ಎಷ್ಟು ಮೆಲ್ಲಗೆ ನಡೆಸಿದರೆಂದರೆ, ಎರಡು ಎತ್ತಿನ ಗಾಡಿಗಳು ನಮ್ಮನ್ನು ದಾಟಿ ಹೋದವು. "ಗಾಡ್ಯಾಗ ಬಂದಿದ್ರ ಇಷ್ಟೊತ್ತಿಗೆ ರೊಟ್ಟಿ ತಿಂದಿರತಿದ್ದೆ" ಎಂದಳು ಅವ್ವ. ಮಾವ ನಕ್ಕದ್ದನ್ನು ನಾನು ಅವತ್ತು ಮೊದಲ ಸಲ ಕೇಳಿದೆ. ಪಟ್ಟಿ ಬಿಚ್ಚಿದಾಗ ಅವಳಿಗೆ ನನ್ನ ಮುಖ ಕಂಡಿತು, ಕೈಯಿಂದ ಸವರಲಿಲ್ಲ.

ಇಷ್ಟೆಲ್ಲ ನಡೆದದ್ದು ಈ ತುಂಡು ಕಬ್ಬಿಣದ ಮೇಲೆ ಹಳದಿಯಾಗಿ ಕೂತಿತ್ತು. ಈಗ ಅದು ಪೇಟೆಯಿಂದ ನಿನ್ನೆ ತಂದದ್ದರ ಹಾಗಿದೆ. ಬಾಗಿಲ ಆಚೆ ಬಳೆ ಮತ್ತೆ ಸದ್ದು ಮಾಡಿತು.

"ವೈಶಾಲೀ, ಒಳಗ ಬಾ."

ಬಂದಳು. ನನ್ನ ಕಣ್ಣು ನೋಡಿ ಅವಳ ಮುಖ ಬಿಳಿಚಿಕೊಂಡಿತು. "ಆಜಿ, ಚುಕಲ ಕಾಯ?" ಎಂದಳು. ತಪ್ಪಾಯಿತೇ ಎಂದು.

ಐವತ್ತು ವರ್ಷ ನಾನು ಮಾವನ ಆ ಮಾತನ್ನು ಎಷ್ಟೋ ಸಲ ನೆನೆದಿದ್ದೇನೆ, ಜಾಣ ಮನುಷ್ಯ ಎಂದುಕೊಂಡಿದ್ದೇನೆ. ಆದರೆ ಪ್ರಾಣದಂಥ ಮೋಟಾರಿನ ಜೀವಕ್ಕೆ ಎಣ್ಣೆ ಬಳಿದು ಅಂಟಿಸಿದ ಸೊಸೆಯ ಎದುರು ಆ ಮಾತನ್ನು ಬಾಯಿಂದ ಹೊರಡಿಸಲು ಅವರಿಗೆ ಎಷ್ಟು ಕಷ್ಟವಾಗಿತ್ತು ಎಂಬುದು ನನಗೆ ಇವತ್ತೇ ತಿಳಿದದ್ದು. ಪ್ಲಗ್ಗನ್ನು ಮಡಿಲಲ್ಲಿಟ್ಟುಕೊಂಡೆ.

"ಎಲ್ಲಾ ಕಡೆ ತಿಕ್ಕೀದಿಯೋ, ಎಲ್ಲೆರೆ ಬಿಟ್ಟೀದಿಯೋ?"

"ಎಲ್ಲಾ ಕಡೆ ತಿಕ್ಕೇನ್ರಿ, ಆಜಿ."

"ಚಲೋ ಮಾಡೀದಿ" ಎಂದೆ. "ಈಗ ಹೋಗಿ ಚಹಾ ಇಡು. ಇಬ್ಬರಿಗೂ ಇಡು. ಇಲ್ಲೇ ಬಂದು ಕುಂದರು, ಇದೇನಂತ ಹೇಳತೇನಿ."