ಕಾರು ಕಾದವನ ಪಾಲು

ಡ್ರೈವರ್ ಬಾಸಿಲ್ ಕಾಯುವುದರಲ್ಲಿ ಗಟ್ಟಿಗ. ಮಸ್ಕತ್ತಿನ ಅಲ್ ಖುವೈರ್‌ನಲ್ಲಿದ್ದ ಕಂಪೆನಿ ಆಫೀಸಿನೆದುರು ಇಡೀ ದಿನ ಕಾರಿನಲ್ಲಿ ಕೂತಿರು ಎಂದರೂ ಮುಖ ಗಂಟಿಕ್ಕುವವನಲ್ಲ. ಅದಕ್ಕೇ ಮ್ಯಾನೇಜರ್ ಹೆರಾಲ್ಡ್ ಮರಳುಗಾಡಿಗೆ ಚಿಗರೆ ಬೇಟೆಗೆ ಹೊರಟಾಗಲೆಲ್ಲ ಅವನನ್ನೇ ಕರೆದೊಯ್ಯುತ್ತಿದ್ದ. ಇಬ್ಬರೂ ಶಿರ್ವದ ಕಡೆಯವರು. ಬಾಸಿಲ್‌ಗೆ ವೀಸಾ ಕೊಡಿಸಿದವನೂ ಅವನೇ. ಬೇಟೆಗೆ ಸರ್ಕಾರದ ನಿಷೇಧವಿತ್ತು. ಇದ್ದರೇನು, ಆ ಬಯಲಲ್ಲಿ ಕೇಳುವವರು ಯಾರು!

ದಾರಿ ತೋರಿಸುವವನು ಮುದುಕ ಮುಸಲ್ಲಮ್. ಅವನ ನೇಮ ಬಹಳ ಬಿಗಿ. ಕಾರಿನಲ್ಲಿ ಅಟ್ಟಿಸಿಕೊಂಡು ಹೋಗಬಾರದು, ಹೆಣ್ಣಿನ ಮೇಲೆ ಗುಂಡು ಹಾರಿಸಬಾರದು, ಗಾಯಗೊಂಡದ್ದನ್ನು ನರಳಲು ಬಿಟ್ಟು ಬರಲೇಬಾರದು. ಮಾಂಸ ಹಂಚುವಾಗ ಕಾರು ಕಾದವನಿಗೂ ಒಂದು ಪಾಲು. ಮೊದಲ ಸಲ ಅದು ಕೈಗೆ ಬಂದಾಗ ಬಾಸಿಲ್ ಹಿಗ್ಗಿಹೋಗಿದ್ದ. ಊರಲ್ಲಿ ಕಾಡುಹಂದಿ ಹೊಡೆದಾಗಲೂ ಹೀಗೇ, ನಾಯಿ ಹಿಡಿದು ನಿಂತವನಿಗೂ ಪಾಲು ತಪ್ಪುತ್ತಿರಲಿಲ್ಲ. ಅಂದಿನಿಂದ ಮುದುಕ ಅವನಿಗೆ ಅಜ್ಜನಾದ.

ತೊಂಬತ್ತೊಂದರ ಮೇ ತಿಂಗಳು. ಹೆರಾಲ್ಡ್ ಹೊಡೆದ ಗುಂಡು ಒಂದು ಗಂಡು ಚಿಗರೆಯ ಹಿಂಗಾಲಿಗೆ ತಾಗಿತು. ಅದು ಕುಂಟುತ್ತ ಕಲ್ಲುದಿಬ್ಬದಾಚೆ ಮರೆಯಾಯಿತು. ಮುಸಲ್ಲಮ್ ಚೂರಿ, ಸಣ್ಣದೊಂದು ಬಾಟಲಿ ನೀರು ಹಿಡಿದು ಇಳಿದ.

"ಕಾರು ಕದಲಿಸಬೇಡ ಬಾಸಿಲ್. ನಾನು ಇಲ್ಲಿಗೇ ಬರುತ್ತೇನೆ," ಎಂದ ಮುರುಕು ಹಿಂದಿಯಲ್ಲಿ.

ಮಧ್ಯಾಹ್ನ ಕಳೆದರೂ ಅವನ ಸುಳಿವಿಲ್ಲ. ಅಷ್ಟರಲ್ಲಿ ದೂರದಲ್ಲಿ ಯಾವುದೋ ಗಾಡಿಯ ಧೂಳೆದ್ದಿತು. ಹೆರಾಲ್ಡ್‌ನ ಜೀವ ಬಾಯಿಗೆ ಬಂತು.

"ಪೊಲೀಸಾದ್ರೆ ನಮ್ಮ ಕತೆ ಖಲಾಸ್ ಮಾರಾಯ! ಹೊರಡು, ಯಲ್ಲಾ!"

"ಅಜ್ಜ ಬರ್ಲಿಲ್ಲಲ್ಲ ಸರ್?"

"ಅವನಿಗೆಂತ ಆಗ್ತದೆ? ಇಲ್ಲೇ ಹುಟ್ಟಿದವ, ನಡ್ಕೊಂಡು ಹೋಗ್ತಾನೆ. ನಿಂಗೆ ವೀಸಾ ಬೇಕಾ, ಬೇಡ್ವಾ?"

ಊರಲ್ಲಿ ಹೆಂಡತಿ ಗ್ರೆಟ್ಟಾ ತುಂಬು ಬಸುರಿ. ಬಾಸಿಲ್ ಕೀಲಿ ತಿರುಗಿಸಿದ. ಹೆದರಿಕೆ ಮನುಷ್ಯನ ಕೈಯಲ್ಲಿ ಏನೇನು ಮಾಡಿಸುತ್ತದೆ, ಥೂ!

ಮಸ್ಕತ್ತಿಗೆ ಬಂದು ಮಲಗಿದರೆ ಕಣ್ಣು ಮುಚ್ಚಲಿಲ್ಲ. ಬೆಳಕು ಹರಿಯುತ್ತಲೇ, ವೀಸಾ ಹಾಳಾಗಿ ಹೋಗಲಿ ಎಂದು ಠಾಣೆಗೆ ನಡೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಪೊಲೀಸರಿಗೆ ದಾರಿ ತೋರಿಸುತ್ತ ಅಲ್ಲಿಗೆ ಮುಟ್ಟುವಾಗ ಸಂಜೆಯಾಗಿತ್ತು.

ಮುಸಲ್ಲಮ್ ಎಲ್ಲಿಗೂ ನಡೆದು ಹೋಗಿರಲಿಲ್ಲ. ಕಾರು ನಿಂತಿದ್ದ ಜಾಗದಲ್ಲೇ, ಟಯರಿನ ಗುರುತಿನ ಪಕ್ಕದಲ್ಲಿ ಮಗ್ಗುಲಾಗಿ ಹೆಣವಾಗಿ ಬಿದ್ದಿದ್ದ. ನೀರಿನ ಬಾಟಲಿ ಬರಿದಾಗಿತ್ತು. ದಿನವಿಡೀ ಸುಟ್ಟ ಬಿಸಿಲಿಗೆ ಬರಿದಲೆಯಲ್ಲಿದ್ದ, ರುಮಾಲು ಇರಲಿಲ್ಲ.

ರುಮಾಲು ಮುಳ್ಳುಪೊದೆಯ ನೆರಳಿನಲ್ಲಿ ಸಿಕ್ಕಿತು. ಬಿಸಿಲು ತಾಗದಂತೆ ಅದನ್ನು ಮಾಂಸದ ಮೇಲೆ ಹೊದಿಸಿದ್ದ. ಅಡಿಯಲ್ಲಿ ಸರಿಸಮನಾದ ಮೂರು ಪಾಲು.

"ಗುಂಡು ಹೊಡೆದವನದು ಒಂದು, ಈ ಮುದುಕನದು ಒಂದು. ಮೂರನೆಯದು ಯಾರಿಗೆ?" ಎಂದು ಪೊಲೀಸಿನವನು ಕೇಳಿದ.

ಬಾಸಿಲ್ ಮೊಣಕಾಲೂರಿ ಕೂತು ಮಗುವಿನಂತೆ ಅತ್ತ. ಆಮೇಲೆ ಹೇಳಿದ:

"ಕಾರು ಕಾದವನಿಗೆ."