ತನುತೆ ಕೆತ್ತಿದ ಬತೆಬಾ

ಬಿಹಿಂತೆ ಕಂಬು ಸತ್ತ. ಸಂತೆಯ ಮರುದಿನ ಬೆಳಿಗ್ಗೆ, ತಂಗಿಯ ಮಗನ ಗೆಣಸಿನ ಹೊಲದಲ್ಲಿ.

ನಲವತ್ತು ವರ್ಷ ಅವನ ಬಾಚಿ ಗಾವುವಾ ಊರಿನ ಸುತ್ತಿನ ಮನೆಗಳಿಗೆಲ್ಲ ಬತೆಬಾ ಕೆತ್ತಿಕೊಟ್ಟಿತ್ತು. ಮಾಟ ತಡೆಯಲು ಎರಡೂ ಕೈ ಚಾಚಿ ನಿಂತ ಮರದ ಗೊಂಬೆಗಳು, ಮನೆಯ ಯಜಮಾನನ ಬದಲು ತಾವೇ ಅಳುವ ಗೊಂಬೆಗಳು. ಬಿಹಿಂತೆಯ ಬಾಯಿ ಮಾತ್ರ ಕೆಟ್ಟದ್ದು. ತಂಗಿಯ ಮಗ ತನುತೆ ಅವನ ಹತ್ತಿರವೇ ಕೆಲಸ ಕಲಿತವನು. ಆ ಹುಡುಗನ ಮೊದಲ ಗೊಂಬೆಯನ್ನು ಬಿಹಿಂತೆ ಜೋಳದ ಹೆಂಡದ ಮಡಕೆಯ ಸುತ್ತ ಕೂತವರ ಮುಂದೆ ಎತ್ತಿ ಹಿಡಿದು, ಇದು ಒಲೆಗೂ ಆಗದ ಕೊರಡು ಎಂದಿದ್ದ. ಎಲ್ಲರೂ ನಕ್ಕಿದ್ದರು. ತನುತೆ ನಕ್ಕಿರಲಿಲ್ಲ.

ಈ ವರ್ಷ ಮೊದಲ ಮಳೆ ಬಿದ್ದಾಗ ಬಿಹಿಂತೆಯ ಹೆಂಡತಿ ಇನಿಗೆ ಹೊಟ್ಟೆ ಊದುವ ಕಾಯಿಲೆ ಬಂತು. ಕಣಿ ಹೇಳುವವನು ಬಿಹಿಂತೆಯ ಕೈ ಹಿಡಿದುಕೊಂಡು, ಮನೆ ಕಾಯುವ ದೈವಗಳಾದ ಥಿಲ್‌ಗಳನ್ನು ಒಂದೊಂದೇ ಮಾತು ಕೇಳಿದ. ಅವು ಹೌದು ಎಂದರೆ ಹಿಡಿದ ಕೈ ತಾನಾಗಿ ತೊಡೆಗೆ ಬಡಿಯಬೇಕು. ಕೈ ಚಾಚಿದ ಬತೆಬಾ ಬೇಕೇ? ಬಡಿಯಿತು. ಬಿಹಿಂತೆಯೇ ಕೆತ್ತಬೇಕೇ? ಅಲುಗಲಿಲ್ಲ. ತನುತೆ ಕೆತ್ತಬೇಕೇ? ತೊಡೆ ಚುರುಗುಡುವಂತೆ ಬಡಿಯಿತು.

ಬಿಹಿಂತೆ ಹೋಗಿ ಕೇಳಿದ. ತನುತೆ ಅಂಗಳದಲ್ಲೇ ನಿಲ್ಲಿಸಿದ.

"ಒಲೆಗೂ ಆಗದ್ದು ಅತ್ತೆ ಹೊಟ್ಟೆಗೆ ಆಗತ್ತಾ, ಮಾವ?"

"ಆಗತ್ತಪ್ಪ. ಕೆತ್ತಿಕೊಡು."

"ನನ್ನ ಹೊಲದಲ್ಲಿ ಇನ್ನೂರು ದಿಬ್ಬ ಏರಿಸು. ಮುಗಿದ ದಿನ ಗೊಂಬೆ ತಗೊಂಡು ಹೋಗು. ಅದಕ್ಕೆ ಮುಂಚೆ ಕೇಳ್ಬೇಡ."

ಎಪ್ಪತ್ತು ದಾಟಿದ ಬೆನ್ನು. ಗೆಣಸು ಊರುವ ದಿಬ್ಬ ದಿನಕ್ಕೆ ಹದಿನೈದು ಎದ್ದರೆ ಹೆಚ್ಚು. ವಾಲಿದ್ದನ್ನು ತನುತೆ ಕಾಲಿಂದ ಒದ್ದು ಬೀಳಿಸುತ್ತಿದ್ದ, ಇದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದ. ಗೊಂಬೆ ಆಗಲೇ ಸಿದ್ಧವಾಗಿ ಅವನ ಪಕ್ಕದ ನೆರಳಲ್ಲಿ ನಿಂತಿತ್ತು. ತನಗಿಂತ ಚೆನ್ನಾಗಿ ಕೆತ್ತಿದ್ದಾನೆ ಎಂದು ಬಿಹಿಂತೆ ಒಂದು ಸಂಜೆ ಗೆಳೆಯರಲ್ಲಿ ಹೇಳಿದ.

ನೂರ ಅರವತ್ತನೆಯ ದಿಬ್ಬ ಎದ್ದ ದಿನ ಇನಿ ತೀರಿಕೊಂಡಳು.

ಬಿಹಿಂತೆ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ತನುತೆ ಹೇಳಿಕಳಿಸಿದ. ಥಿಲ್ ಹೆಸರಲ್ಲಿ ಒಪ್ಪಿದ ಕೆಲಸ, ಅರ್ಧಕ್ಕೆ ಬಿಟ್ಟರೆ ಅದರ ಮುನಿಸು ಬಿಹಿಂತೆಯ ಮಗಳ ಮೇಲೆ ಬರುತ್ತದೆ ಎಂದು. ಅದು ಸುಳ್ಳೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಉಳಿದ ನಲವತ್ತನ್ನು ತಾವು ಏರಿಸುತ್ತೇವೆ ಎಂದರು ಗೆಳೆಯರು.

"ಮಾತು ಕೊಟ್ಟಿದ್ದು ನಾನು. ನನ್ನ ಬೆನ್ನೇ ಆಗ್ಬೇಕು," ಎಂದ ಬಿಹಿಂತೆ.

ಮೂರು ದಿನ ಹೋದ. ಮೂರನೆಯ ಬೆಳಿಗ್ಗೆ, ಸಂತೆಯ ಮರುದಿನ, ಕೊನೆಯ ದಿಬ್ಬ ಸ್ವಲ್ಪ ವಾಲಿತು. ತನುತೆ ನೆರಳಿನಿಂದ ಎದ್ದ. ಅವನು ಬಂದು ಮುಟ್ಟುವ ಮೊದಲೇ ಬಿಹಿಂತೆ ಅದನ್ನು ತಾನೇ ಕೆಡವಿ, ಮಂಡಿಯೂರಿ, ಎರಡೂ ಕೈಯಿಂದ ಮಣ್ಣು ಎಳೆದುಕೊಂಡು, ಮೊದಲಿನಿಂದ ನೆಟ್ಟಗೆ ಏರಿಸಿದ.